ನಾಲ್ಕನೇ ದಿನದ ವಾಸನೆ

ಮಕ್ಕಳು ಕಲಿತದ್ದನ್ನು ‘ಹಂಚಿಕೊಳ್ಳುವ’ ದಿನ ಅಂತ ಒಂದು ಹೊಸ ಹಬ್ಬವನ್ನು ಈಗಿನ ಶಾಲೆಗಳು ಹುಟ್ಟಿಸಿವೆ. ತೆಲುಗು ನಾಡಿನ ಈ ಕೊಂಡಾಪುರದಲ್ಲಿ ನನ್ನ ಮೊಮ್ಮಗಳು ಓದುವ ಶಾಲೆಯಲ್ಲಿ ಅದು ವರ್ಷಕ್ಕೆ ಎರಡು ಸಲ ಬರುತ್ತದೆ. ಶನಿವಾರ ಬೆಳಗ್ಗೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗಿ, ಮೊಣಕಾಲೆತ್ತರದ ಪುಟಾಣಿ ಕುರ್ಚಿಗಳಲ್ಲಿ ಮುದುಡಿ ಕೂರಬೇಕು. ಎಂಟು ವರ್ಷದ ಮಗು ಎದುರು ನಿಂತು ತಾನೇನು ಕಲಿತೆ ಅಂತ ಹೇಳುತ್ತದೆ. ನಾವು ಬಾಯಿ ತೆರೆದು ಆಶ್ಚರ್ಯಪಡಬೇಕು. ಎಷ್ಟು ಆಶ್ಚರ್ಯವಾಯಿತು ಅಂತ ಕೊನೆಗೆ ಒಂದು ಫಾರ್ಮು ಬೇರೆ ತುಂಬಿ ಕೊಡಬೇಕು.

ಮಗು ಏನು ಹೇಳಬೇಕು ಎಂಬುದು ಹದಿನೈದು ದಿನ ಮೊದಲೇ ತಾಯಂದಿರ ವಾಟ್ಸಾಪ್ ಗ್ರೂಪಿಗೆ ಬಂದುಬಿಟ್ಟಿರುತ್ತದೆ. ಹನ್ನೆರಡು ಇಂಗ್ಲಿಷ್ ವಾಕ್ಯಗಳು. ಎಲ್ಲಿ ನಗಬೇಕು, ಎಲ್ಲಿ ಚಾರ್ಟಿನ ಕಡೆ ಕೈ ತೋರಿಸಬೇಕು ಎಂಬುದನ್ನೂ ಕಂಸದಲ್ಲಿ ಬರೆದಿರುತ್ತಾರೆ. ‘ನಾನು ಇದನ್ನು ಕಂಡು ಬಹಳ ಅಚ್ಚರಿಪಟ್ಟೆ’ ಎಂಬುದು ಒಂಬತ್ತನೆಯ ವಾಕ್ಯ. ಹೀಗೆ ಒಂಬತ್ತನೆಯ ವಾಕ್ಯದಲ್ಲಿ ತರಗತಿಯ ಮೂವತ್ತು ಮಕ್ಕಳೂ ಒಂದೇ ರೀತಿ ಅಚ್ಚರಿಪಡುತ್ತಾರೆ. ಇದಕ್ಕೆ ವಿದ್ಯೆ ಅಂತ ಹೆಸರು.

ನಾನು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವನು. ನಿವೃತ್ತನಾದ ಮೇಲೆ ನಾರಾಯಣಗೂಡದ ಮನೆ ಬಿಟ್ಟು, ಹೆಂಡತಿಯೊಡನೆ ಇಲ್ಲಿ ಮಗನ ಫ್ಲ್ಯಾಟಿಗೆ ಬಂದಿದ್ದೇನೆ. ಮಗ, ಸೊಸೆ ಇಬ್ಬರೂ ಬೆಳಗ್ಗೆ ಆಫೀಸಿಗೆ ಹೋಗುವುದರಿಂದ ಮೊಮ್ಮಗಳ ಪಾಠದ ಪಾಲು ನನಗೆ ಬಂದಿತ್ತು. ಈ ಶಾಲೆಯ ಬಗ್ಗೆ ನನಗೆ ಇದ್ದ ತಾತ್ಸಾರವನ್ನು ನಾನು ಎಂದೂ ಮುಚ್ಚಿಟ್ಟಿರಲಿಲ್ಲ. ಊಟಕ್ಕೆ ಕೂತಾಗ ಶಾಲೆಯ ಡೈರಿಯನ್ನು ಗಟ್ಟಿಯಾಗಿ ಓದಿ ನಗುವುದು ನನ್ನ ದಿನದ ಮನರಂಜನೆಯಾಗಿತ್ತು.

ಆ ಮಳೆಗಾಲದಲ್ಲಿ ಅವರಿಗೆ ಬೀಜ ಮೊಳೆಯುವ ಪಾಠ ಬಂತು. ಒಂದು ಲೋಟದಲ್ಲಿ ಹಸಿ ಹತ್ತಿ ಇಟ್ಟು, ಅದರ ಮೇಲೆ ಹೆಸರುಕಾಳು ಹರಡಿ, ಏಳು ದಿನ ನೋಡಿ, ದಿನಕ್ಕೊಂದು ಚಿತ್ರ ಬರೆದು ಕೆಳಗೆ ಒಂದು ಸಾಲು ಬರೆಯಬೇಕು. ನಮ್ಮ ಕಡೆಯ ಮನೆಗಳಲ್ಲಿ ವಾರಕ್ಕೊಮ್ಮೆ ಕಾಳು ಬಟ್ಟೆಯಲ್ಲಿ ಕಟ್ಟಿ ಮೊಳಕೆ ತರಿಸುವುದು ಇದ್ದದ್ದೇ. ಅದನ್ನು ಕಲಿಯಲು ಮಗುವನ್ನು ಬಸ್ಸಿನಲ್ಲಿ ಕೂರಿಸಿ ಶಾಲೆಗೆ ಕಳಿಸುತ್ತೀರಲ್ಲ ಎಂದು ನಾನು ಮೂಗು ಮುರಿದೆ. ಆದರೂ ಎದ್ದು ಹೋಗಿ ಅಡುಗೆಮನೆಯ ದೊಡ್ಡ ಡಬ್ಬಿಯಿಂದ ಹತ್ತು ಕಾಳು ತಂದುಕೊಟ್ಟೆ.

ನಾಲ್ಕನೆಯ ದಿನ ಮೊಮ್ಮಗಳು ಲೋಟ ಹಿಡಿದುಕೊಂಡು ಬಾಲ್ಕನಿಗೆ ಬಂದಳು.

“ಅಜ್ಜಾ, ಇದು ನಾರಾಕತ್ತೈತಿ.”

ನಿಜಕ್ಕೂ ನಾರುತ್ತಿತ್ತು. ಕಾಳು ಉಬ್ಬಿ, ಸಿಪ್ಪೆ ಬಿರಿದು, ಮೇಲೆ ಲೋಳೆ ಕಟ್ಟಿತ್ತು. ಒಂದೂ ಮೊಳೆತಿರಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಬಂದು ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದಳು.

“ಅಯ್ಯ, ಇವು ಹುರದ ಕಾಳು! ದೊಡ್ಡ ಡಬ್ಬಿದಾಗಿಂದ ಕೊಟ್ರೇನು ನೀವು? ಮಳಿಗಾಲಕ್ಕ ಹುಳ ಹತ್ತಬಾರದಂತ ನಾನೇ ಹುರದು ತುಂಬಿಟ್ಟೀನಲ್ರಿ. ಮೊಳಕಿ ಕಾಳು ಫ್ರಿಜ್ಜಿನಾಗ ಬ್ಯಾರೆ ಅದಾವು. ಮೂವತ್ತು ವರ್ಷ ಲ್ಯಾಬಿನಾಗ ಏನ್ ಮಾಡಿದ್ರೋ ಏನೋ!”

ಕಲಬುರ್ಗಿ ಕಡೆಯಿಂದ ವರ್ಷದ ಕಾಳು ತರಿಸಿ, ಘಮ್ಮೆನ್ನುವ ಹಾಗೆ ಬೆಚ್ಚಗೆ ಹುರಿದು ಡಬ್ಬಿಗೆ ತುಂಬುವುದು ಅವಳ ಪದ್ಧತಿ. ಬೇಯಿಸುವುದಕ್ಕೆ ಒಂದು ಡಬ್ಬಿ, ಮೊಳಕೆಗೆ ಒಂದು ಚೀಲ. ಆ ಮನೆಯ ಅನ್ನ ತಿನ್ನುತ್ತಾ ಮುದುಕನಾದ ನನಗೆ ಅದು ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ. ಮೊಮ್ಮಗಳು ಮಾತ್ರ ಕಣ್ಣು ಅಗಲಿಸಿ ನಿಂತಿದ್ದಳು.

“ಹುರದ್ರ ಸಾಯ್ತಾವಾ ಅಜ್ಜಿ? ಎಷ್ಟು ಹುರದ್ರ ಸಾಯ್ತಾವು?”

ಆ ಎರಡನೆಯ ಪ್ರಶ್ನೆ ಕೇಳಿ ನಾನು ತಲೆ ಎತ್ತಿದೆ. ಲ್ಯಾಬಿನಲ್ಲಿ ನನ್ನ ಕೈಕೆಳಗೆ ಬಂದ ಹುಡುಗರು ಎಂಎಸ್ಸಿ ಪದವಿ ಇಟ್ಟುಕೊಂಡು ಬಂದವರು. ಅವರಲ್ಲಿ ಒಬ್ಬನೂ ‘ಎಷ್ಟು’ ಅಂತ ಕೇಳಿದವನಲ್ಲ. ಎಲ್ಲಿ ಸಹಿ ಮಾಡಬೇಕು ಅಂತ ಕೇಳುತ್ತಿದ್ದರು.

ಇಲ್ಲಿನವರ ಬೋನಾಲು ಹಬ್ಬದ ರಜೆಯಲ್ಲಿ ನಾನೂ ಮೊಮ್ಮಗಳೂ ಅಡುಗೆಮನೆ ಹಿಡಿದೆವು. ಮೂರು ಸ್ಟೀಲಿನ ಬಟ್ಟಲು. ಒಂದರಲ್ಲಿ ಹಸಿ ಕಾಳು ಹತ್ತು, ಇನ್ನೊಂದರಲ್ಲಿ ಒಂದು ನಿಮಿಷ ಹುರಿದದ್ದು ಹತ್ತು, ಮೂರನೆಯದರಲ್ಲಿ ಐದು ನಿಮಿಷ ಹುರಿದದ್ದು ಹತ್ತು. ಅಜ್ಜಿ ಬಾಣಲೆಯ ಹತ್ತಿರ ನಿಂತಳು, ಮೊಮ್ಮಗಳು ಗಡಿಯಾರ ಹಿಡಿದಳು. ಮೂರು ದಿನಕ್ಕೆ ಹಸಿ ಕಾಳಿನಲ್ಲಿ ಒಂಬತ್ತು ಮೊಳೆತವು. ಒಂದು ನಿಮಿಷದ್ದರಲ್ಲಿ ಮೂರು ಮೊಳೆತವು. ಐದು ನಿಮಿಷದ್ದರಲ್ಲಿ ಒಂದೂ ಇಲ್ಲ. ಹುಡುಗಿ ಕುಣಿದಾಡಿಬಿಟ್ಟಳು. ಆ ಮೂರು ಕಾಳು ಹೇಗೆ ಬದುಕಿದವು, ಬಾಣಲೆಯ ಅಂಚಿನಲ್ಲಿ ಇದ್ದವೇನು, ಅಂತ ಎರಡು ದಿನ ನನ್ನ ಬೆನ್ನು ಹತ್ತಿದ್ದಳು.

ಎಲ್ಲವನ್ನೂ ತನ್ನ ವಹಿಯಲ್ಲಿ ಬರೆದಳು. ನಾಲ್ಕನೆಯ ದಿನ: ಕೆಟ್ಟ ವಾಸನೆ, ಮೊಳಕೆ ಇಲ್ಲ. ಅದರ ಮುಂದಿನ ಪುಟದಲ್ಲಿ ಮೂರು ಬಟ್ಟಲಿನ ಚಿತ್ರ. ಒಂದು ಕಡೆ ಎಣಿಕೆ ತಪ್ಪಿ ಎಂಟು ಅಂತ ಬರೆದು ರಬ್ಬರ್ ತೆಗೆದುಕೊಂಡಳು. ನಾನು ಕೈ ಹಿಡಿದೆ. ನಮ್ಮ ಲ್ಯಾಬಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿರಲಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕದಲ್ಲಿ ಸಹಿ. ತಪ್ಪು ಕಾಣಬೇಕು, ತಪ್ಪು ಮಾಡಿದವರು ಯಾರು ಅಂತಲೂ ಕಾಣಬೇಕು. ಇದನ್ನು ಹೆಮ್ಮೆಯಿಂದ ಹೇಳಿಕೊಟ್ಟೆ. ಅವಳು ಅಡ್ಡಾದಿಡ್ಡಿ ಅಕ್ಷರದಲ್ಲಿ ತನ್ನ ಮೊದಲ ಸಹಿ ಮಾಡಿದಳು.

ಸೋಮವಾರ ಶಾಲೆಗೆ ಹೋದ ವಹಿ ಮಂಗಳವಾರ ಮನೆಗೆ ಬಂತು. ನಾಲ್ಕನೆಯ ದಿನದ ಮೇಲೆ ದಪ್ಪಗೆ ವೈಟ್ನರ್ ಬಳಿದಿತ್ತು. ಅದರ ಮೇಲೆ ಟೀಚರ್ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ಮುದ್ದಾದ ಮೊಳಕೆಯೊಂದನ್ನು ಬರೆದಿದ್ದರು. ಮಗು ಆ ಚುಕ್ಕೆಗಳನ್ನು ಸೇರಿಸಿ ಹಸಿರು ಬಳಿಯಬೇಕು. ಮೂರು ಬಟ್ಟಲಿನ ಪುಟಕ್ಕೆ ಏನೂ ಮಾಡಿರಲಿಲ್ಲ, ಸ್ಟೇಪ್ಲರ್ ಹೊಡೆದು ಮುಚ್ಚಿದ್ದರು, ಅಷ್ಟೇ. ಸಿಲೆಬಸ್ಸಿನಲ್ಲಿ ಇಲ್ಲದ್ದು ಕಣ್ಣಿಗೂ ಬೀಳಬಾರದು.

ನಾನು ಕೂಗಾಡಿದೆ. ಸಂಜೆ ಸೊಸೆ ಬಂದಮೇಲೆ ವಹಿ ತೆಗೆದು ಅವಳ ಮುಂದಿಟ್ಟೆ. ಅವಳು ಒಂದು ಗಳಿಗೆ ನೋಡಿ ಮುಚ್ಚಿದಳು.

“ಮಾವಾರ, ನೀವು ಹೇಳೋದು ಖರೇನ ಐತಿ. ಆದ್ರ ಆ ಮೇಡಂ ಜೋಡಿ ಇಡೀ ವರ್ಷ ಕಳೀಬೇಕಾದಾಕಿ ಇಕಿ. ಅವರು ಹೇಳಿದಂಗ ಮಾಡಿದ್ರ ಮುಗೀತು. ನೀವು ಅಕಿ ತಲಿ ಕೆಡಸಬ್ಯಾಡ್ರಿ.”

ಮರುದಿನ ಹಳದಿ ಅಂಗಿ ತೊಟ್ಟ ಡೆಲಿವರಿಯವನು ಒಂದು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟ. ಅದರ ತುಂಬ ತೊಳೆದು, ಒಂದೇ ಅಳತೆಗೆ ಬಂದ ಮೊಳಕೆಕಾಳು. ಸೊಸೆ ಅವನ್ನು ಹೊಸ ಹತ್ತಿಯ ಮೇಲೆ ಒಂದೊಂದಾಗಿ ನೆಟ್ಟಗೆ ನಿಲ್ಲಿಸಿ, ಲೋಟಕ್ಕೆ ಮಗಳ ಹೆಸರಿನ ಚೀಟಿ ಅಂಟಿಸಿದಳು. ಇಪ್ಪತ್ತು ನಿಮಿಷದಲ್ಲಿ ಏಳು ದಿನದ ಪ್ರಯೋಗ ಮುಗಿಯಿತು. ಗ್ರೂಪಿನಲ್ಲಿ ಇನ್ನೂ ಹಲವು ತಾಯಂದಿರು ಅದೇ ಡಬ್ಬಿಯ ಫೋಟೋ ಹಾಕಿದ್ದರಂತೆ, ಎಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರಂತೆ. ಕಲಿಕೆಯನ್ನು ಹಂಚಿಕೊಂಡದ್ದು ಅಂದರೆ ಅದೊಂದೇ.

ಶುಕ್ರವಾರ ಸಂಜೆ ಮೊಮ್ಮಗಳು ಹನ್ನೆರಡು ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು. ಅಮ್ಮ ಒಳಗೆ ಹೋದಮೇಲೆ ನನ್ನ ಹತ್ತಿರ ಸರಿದು ಕೂತಳು.

“ಅಜ್ಜಾ, ನಾ ನಾಳೆ ಹುರದ ಕಾಳಿಂದನೂ ಹೇಳ್ತೀನಿ.”

“ಹೇಳವ್ವಾ. ಅದನ್ನ ಹೇಳಬೇಕು.”

“ಮೇಡಂ ನಂಬಲಿಲ್ಲಂದ್ರ?”

“ನಾ ಇರ್ತೀನಲ್ಲ. ನಾ ಕಣ್ಣಾರೆ ನೋಡೀನಿ. ಕೇಳಿದ್ರ ಹೇಳ್ತೀನಿ.”

“ಪ್ರಾಮಿಸ್?”

“ಪ್ರಾಮಿಸ್.”

ಎಂಟು ವರ್ಷದ ಹುಡುಗಿ ತನ್ನ ಟೀಚರ್ ಎದುರು, ತನ್ನ ಅಮ್ಮನ ಎದುರು ನಿಂತು ತಾನು ಕಂಡದ್ದನ್ನು ಹೇಳಲು ಹೊರಟಿದ್ದಳು. ಅಜ್ಜಿ ಶಾಲೆಗೆ ಬರುವವಳಿರಲಿಲ್ಲ, ಹಾಗಾಗಿ ಅಲ್ಲಿ ಮೊಮ್ಮಗಳಿಗೆ ಇದ್ದ ಆಧಾರ ನಾನೊಬ್ಬನೇ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆ ದಿನ ಆ ಶಾಲೆಯ ಮುಖಕ್ಕೆ ಮಂಗಳಾರತಿಯಾಗುತ್ತದೆ ಅಂತ ಒಳಗೊಳಗೇ ಹಿಗ್ಗಿಕೊಂಡು ಮಲಗಿದೆ.

ಶನಿವಾರ ಶಾಲೆಯ ಸಭಾಂಗಣದ ವೈಭವ ನೋಡಬೇಕು. ಬಾಗಿಲಲ್ಲಿ ಬಲೂನಿನ ಕಮಾನು. ಒಳಗೆ ಮೂವತ್ತು ಮೇಜು, ಮೂವತ್ತು ಲೋಟ, ಎಲ್ಲದರಲ್ಲೂ ಅದೇ ಡಬ್ಬಿಯ ಮೊಳಕೆಗಳು ಸೈನಿಕರಂತೆ ನಿಂತಿದ್ದವು. ಮಕ್ಕಳು ಮಾತಾಡುತ್ತಿದ್ದರೆ ಎದುರಿಗೆ ಕೂತ ತಾಯಂದಿರ ತುಟಿಗಳು ಸದ್ದಿಲ್ಲದೆ ಅದೇ ಮಾತಿಗೆ ಅಲುಗಾಡುತ್ತಿದ್ದವು. ತಂದೆಯರು ಮಕ್ಕಳನ್ನು ಫೋನಿನೊಳಗೇ ನೋಡುತ್ತಿದ್ದರು. ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ತಂದೆ ಉತ್ಸಾಹಕ್ಕೆ ಬಿದ್ದು, ಈ ಗಿಡಕ್ಕೆ ಬಿಸಿಲು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿಬಿಟ್ಟ. ಹುಡುಗ ಒಂದು ಕ್ಷಣ ಗಾಬರಿಯಾಗಿ ನಿಂತು, ‘ಗುಡ್ ಮಾರ್ನಿಂಗ್, ನನ್ನ ಕಲಿಕೆಯ ಪಯಣಕ್ಕೆ ಸ್ವಾಗತ’ ಎಂದು ಮೊದಲಿನಿಂದ ಶುರುಮಾಡಿದ. ಹುಡುಗನ ತಾಯಿ ಗಂಡನ ತೊಡೆ ಚಿವುಟಿದಳು. ನಾನು ಕರವಸ್ತ್ರದೊಳಗೆ ನಕ್ಕೆ.

ನಮ್ಮ ಸರದಿ ಬಂತು. ಟೀಚರ್ ಕೈಯಲ್ಲಿ ಅಂಕದ ಹಾಳೆ ಹಿಡಿದು ನಮ್ಮ ಮೇಜಿನ ಹತ್ತಿರ ನಿಂತರು. ಇಪ್ಪತ್ತೈದರ ಆಸುಪಾಸಿನ ಹೆಂಗಸು, ಬೆಳಗಿನಿಂದ ನಕ್ಕೂ ನಕ್ಕೂ ಅವರ ಮುಖ ಬಿಗಿದುಹೋಗಿತ್ತು. ಮೊಮ್ಮಗಳು ಎಂಟು ವಾಕ್ಯಗಳನ್ನು ಚೆನ್ನಾಗಿ ಹೇಳಿದಳು. ಒಂಬತ್ತನೆಯದರ ಹತ್ತಿರ ನಿಂತಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನದೇ ಮುರುಕು ಇಂಗ್ಲಿಷಿನಲ್ಲಿ, ನಾಲ್ಕನೆಯ ದಿನ ತನ್ನ ಬೀಜಗಳು ಕೊಳೆತು ನಾರಿದವು, ಯಾಕೆಂದರೆ ಅವು ಹುರಿದ ಬೀಜಗಳು, ಈ ಲೋಟದಲ್ಲಿ ಇರುವುದು ತನ್ನವಲ್ಲ ಎಂದಳು.

ಸೊಸೆಯ ಮುಖ ಬಿಳಿಚಿಕೊಂಡಿತು. ಸುತ್ತಲಿನ ಎರಡು ಮೂರು ಮೇಜಿನವರು ತಿರುಗಿ ನೋಡಿದರು. ಟೀಚರ್ ನಗು ಬಿಡದೆ ಬಗ್ಗಿ, ‘ಇಲ್ಲಮ್ಮಾ, ನಿನ್ನವು ಮೊಳೆತಿವೆ, ನೋಡು, ಎಷ್ಟು ಮುದ್ದಾಗಿವೆ’ ಎಂದು ಇಂಗ್ಲಿಷಿನಲ್ಲಿ ಅಂದರು.

“ನೋ ಮ್ಯಾಮ್. ಅಜ್ಜ ನೋಡಿದ್ದಾರೆ. ಅಜ್ಜನನ್ನು ಕೇಳಿ.”

ಟೀಚರ್ ನನ್ನ ಕಡೆ ತಿರುಗಿದರು. ಅವರ ಪೆನ್ನು ಹಾಳೆಯ ಮೇಲೆ ತಡೆದು ನಿಂತಿತ್ತು. “ಏಮಂಡಿ ಸರ್?” ಎಂದು, ನೀವೇನು ಹೇಳುತ್ತೀರಿ ಎಂಬಂತೆ, ತೆಲುಗಿನಲ್ಲಿ ಮೆಲ್ಲಗೆ ಕೇಳಿದರು.

ಮೂರು ವಾರ ಊಟದ ಮೇಜಿನಲ್ಲಿ ಗರ್ಜಿಸಿದ ನನ್ನ ನಾಲಿಗೆ ಆಗ ಏನು ಹೇಳಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. “ಮೇಡಂ ಚೆಪ್ಪಿಂದೇ ಕರೆಕ್ಟಮ್ಮಾ” ಎಂದೆ. ಮೇಡಂ ಹೇಳಿದ್ದೇ ಸರಿ, ಮೊಳಕೆ ಬಂದಿದೆಯಲ್ಲ ಎಂದು ತೆಲುಗಿನಲ್ಲಿ, ನಗುನಗುತ್ತಾ ಹೇಳಿದೆ. ಮನೆಯಲ್ಲಿ ಮೊಮ್ಮಗಳೊಡನೆ ನಾನು ಒಂದು ದಿನವೂ ತೆಲುಗು ಆಡಿದವನಲ್ಲ. ಹೊರಗಿನವರ ಮುಂದೆ ಆಡುವ ಭಾಷೆಯಲ್ಲಿ ಅವಳನ್ನು ಹೊರಗೆ ನಿಲ್ಲಿಸಿಬಿಟ್ಟೆ.

ಅವಳು ನನ್ನನ್ನು ನೋಡಿದಳು. ಅಳಲಿಲ್ಲ. ‘ನಾನು ಇದನ್ನು ಕಂಡು ಬಹಳ ಅಚ್ಚರಿಪಟ್ಟೆ’ ಎಂದು ಒಂಬತ್ತನೆಯ ವಾಕ್ಯ ಹೇಳಿದಳು. ಹತ್ತು, ಹನ್ನೊಂದು, ಹನ್ನೆರಡೂ ಹೇಳಿ ಮುಗಿಸಿದಳು. ಕಂಸದಲ್ಲಿ ಬರೆದ ಕಡೆ ನಕ್ಕಳು. ಟೀಚರ್ ಅವಳ ಅಂಗಿಗೆ ಹೊಳೆಯುವ ನಕ್ಷತ್ರ ಅಂಟಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತು ಅಂತ ಬಹಳ ಯೋಚಿಸುವ ಅಗತ್ಯವಿರಲಿಲ್ಲ. ಅದರ ಅಭ್ಯಾಸ ನನಗೆ ಚೆನ್ನಾಗಿಯೇ ಇತ್ತು. ನಮ್ಮ ಕಾರ್ಖಾನೆಯ ಸ್ಟೋರ್ ರೂಮಿನ ಉಷ್ಣತೆಯನ್ನು ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕಿತ್ತು. ಎಷ್ಟೋ ತಿಂಗಳು ಯಾರೂ ನೋಡುತ್ತಿರಲಿಲ್ಲ. ಇನ್ಸ್‌ಪೆಕ್ಷನ್ ಇದೆ ಅಂತ ಗೊತ್ತಾದ ಮಧ್ಯಾಹ್ನ ನಾನು ಊಟ ಮುಗಿಸಿ, ಮೂರು ನಾಲ್ಕು ಬಗೆಯ ಪೆನ್ನು ಇಟ್ಟುಕೊಂಡು ಕೂತು, ಇಡೀ ತಿಂಗಳ ಅಂಕಿಗಳನ್ನು ಒಂದೇ ಬೀಸಿಗೆ ಬರೆಯುತ್ತಿದ್ದೆ. ನಿಜವೆನಿಸಲಿ ಅಂತ ಎರಡು ಕಡೆ ಬೇಕಂತಲೇ ತಪ್ಪು ಬರೆದು, ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡುತ್ತಿದ್ದೆ. ಸಾಹೇಬರು ಬಂದು, ದಿನಾ ನೋಡುತ್ತೀರಾ ಅಂತ ಕೇಳಿದರೆ, ಹೌದು ಸರ್, ನೋಡುತ್ತೇನೆ ಅಂತ ಹೀಗೇ ನಗುತ್ತಿದ್ದೆ. ಅಂಕದ ಹಾಳೆ ಹಿಡಿದವರು ಎದುರು ನಿಂತರೆ ನನಗೆ ಬರುವ ಉತ್ತರ ಅದೊಂದೇ. ಹೀಗಿರುವ ನಾನು, ಪಾಪ, ಕಡಿಮೆ ಸಂಬಳಕ್ಕೆ ಮೂವತ್ತು ಮಕ್ಕಳನ್ನು ಸಂಭಾಳಿಸುವ ಒಬ್ಬ ಹುಡುಗಿಯ ವೈಟ್ನರ್ ನೋಡಿ ಕೂಗಾಡಿದ್ದೆ. ಅವರಿಗಿಂತ ನಾನು ಹೀನ. ಅವರು ಮಗುವಿಗೆ ಮಾತು ಕೊಟ್ಟಿರಲಿಲ್ಲ.

ಹೊರಗೆ ಬಂದಮೇಲೆ ಸೊಸೆ ನನಗೆ “ಚಲೋ ಮಾಡಿದ್ರಿ ಮಾವಾರ, ಮರ್ಯಾದಿ ಉಳಿಸಿದ್ರಿ” ಎಂದಳು. ಅಷ್ಟು ಅಸಹ್ಯವಾದ ಹೊಗಳಿಕೆ ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ.

ಆ ಸಂಜೆ ಮೊಮ್ಮಗಳನ್ನು ಕೆಳಗೆ ಪಾರ್ಕಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದೆ. “ತಪ್ಪು ನಂದವ್ವಾ. ನಾ ಸುಳ್ಳು ಹೇಳಿದೆ. ನೀ ಹೇಳಿದ್ದು ಖರೆ” ಎಂದೆ. ಜಗಳವಾಡುತ್ತಾಳೆ, ಗುದ್ದುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

“ಇರಲಿ ಬಿಡು ಅಜ್ಜಾ. ಸ್ಟಾರ್ ಬಂತಲ್ಲ” ಎಂದು ಜೋಕಾಲಿಯ ಕಡೆ ಓಡಿದಳು.

ಅವಳು ನನ್ನನ್ನು ಸಮಾಧಾನ ಮಾಡಿದ್ದಳು. ಮಕ್ಕಳು ದೊಡ್ಡವರನ್ನು ಸಮಾಧಾನ ಮಾಡಲು ಶುರುಮಾಡಿದರೆ ಅಲ್ಲಿಗೆ ನಮ್ಮ ಮೇಲಿನ ಭರವಸೆ ಮುಗಿಯಿತು ಎಂದೇ ಅರ್ಥ. ಮನೆಗೆ ಬಂದು ಮೂರು ಬಟ್ಟಲುಗಳನ್ನು ತೊಳೆದು ಗೂಡಿನಲ್ಲಿಟ್ಟೆ. ಆ ಬದುಕಿದ ಮೂರು ಕಾಳಿನ ಬಗ್ಗೆ ಆಮೇಲೆ ಅವಳು ಕೇಳಲಿಲ್ಲ.

ಎರಡು ವಾರ ಕಳೆದ ಮೇಲೆ ಹವಾಮಾನದ ಪಾಠ ಬಂತು. ಸೋಮವಾರದಿಂದ ಶನಿವಾರದವರೆಗೆ ದಿನಾ ಬೆಳಗ್ಗೆ ಆಕಾಶ ನೋಡಿ, ಬಿಸಿಲೋ ಮೋಡವೋ ಮಳೆಯೋ ಅಂತ ಚೌಕದಲ್ಲಿ ಚಿತ್ರ ಬರೆದು, ಕೆಳಗೆ ಹಿರಿಯರ ಸಹಿ ಹಾಕಿಸಬೇಕು. ಸೋಮವಾರ ಸಂಜೆ ನಾನು ಚಹಾ ಕುಡಿಯುತ್ತಾ ಕೂತಿದ್ದಾಗ ವಹಿ ತಂದು ನನ್ನ ತೊಡೆಯ ಮೇಲಿಟ್ಟಳು. ಆರೂ ಚೌಕ ತುಂಬಿದ್ದವು. ಸೋಮವಾರ ಬಿಸಿಲು, ಮಂಗಳವಾರ ಮೋಡ, ಬುಧವಾರ ಮೋಡ, ಗುರುವಾರ ಮಳೆ, ಮತ್ತೆ ಎರಡು ದಿನ ಬಿಸಿಲು. ಗುರುವಾರದ ಚೌಕದಲ್ಲಿ ಒಂದು ನೀಲಿ ಕೊಡೆ ಬಹಳ ಅಚ್ಚುಕಟ್ಟಾಗಿ ಬಂದಿತ್ತು.

“ಇವತ್ತಿನ್ನೂ ಸೋಮವಾರ ಐತಲ್ಲವ್ವಾ” ಎಂದೆ.

“ಎಲ್ಲಾರೂ ಹಿಂಗ ಮಾಡ್ತಾರ ಅಜ್ಜಾ. ಸೈನ್ ಮಾಡು.”

ನಾನು ಸಹಿ ಮಾಡಲಿಲ್ಲ. ಗುರುವಾರದವರೆಗೆ ತಡೆ, ನೋಡೋಣ ಎಂದೆ. ಅವಳು ವಹಿ ತೆಗೆದುಕೊಂಡು ಹೋಗಿ ಅಮ್ಮನ ಹತ್ತಿರ ಸಹಿ ಹಾಕಿಸಿಕೊಂಡಳು.

ಗುರುವಾರ ಬೆಳಗ್ಗೆ ಏಳು ಗಂಟೆಗೇ ಕಣ್ಣು ಕೋರೈಸುವ ಬಿಸಿಲು. ಎಲ್ಲೂ ಒಂದು ತುಣುಕು ಮೋಡವಿರಲಿಲ್ಲ. ನಾನು ಬಾಲ್ಕನಿಯ ಬಾಗಿಲು ಪೂರ್ತಿ ತೆರೆದೆ. ಬಿಸಿಲು ಪಡಸಾಲೆಯೊಳಗೆ ಬಂದು, ಶೂ ಹಾಕಿಕೊಳ್ಳುತ್ತಿದ್ದ ಅವಳ ಪಾದದ ಮೇಲೆ ಬಿತ್ತು.

“ನೋಡವ್ವಾ, ಹೊರಗ ಎಷ್ಟು ಬಿಸಲು ಬಿದ್ದೈತಿ.”

ಅವಳು ತಲೆ ಎತ್ತಲಿಲ್ಲ. “ಇವತ್ತು ಮಳಿ ಅಜ್ಜಾ. ಬರದಾಗೈತಿ” ಎಂದಳು.